ಅವರೂ ‘ಹೋಗಿ ಬರ್ತೀನಿ’ ಅಂತಾರೆ

ಈ ಸಲ ಬಂದ ಪತ್ರಗಳಲ್ಲಿ ಜಪಾನಿನ ಸಿನಿಮಾ, ಧಾರಾವಾಹಿಗಳದ್ದೇ ಮೇಲುಗೈ. ಆರನ್ನು ಆಯ್ದುಕೊಂಡಿದ್ದೇನೆ.

ಪ್ರಶ್ನೆ: ಮಗಳು ಹಟ ಹಿಡಿದು ‘ಶಾಪ್‌ಲಿಫ್ಟರ್ಸ್’ ತೋರಿಸಿದಳು. ಎರಡು ಗಂಟೆ ಉಣ್ಣುತ್ತಾರೆ, ಕದಿಯುತ್ತಾರೆ, ಮಲಗುತ್ತಾರೆ. ಕೊನೆಗೆ ಪೊಲೀಸರು ಬರುತ್ತಾರೆ. ಬಾಯಿಬಿಟ್ಟು ಅಳುವವರೂ ಇಲ್ಲ. ಇದಕ್ಕೆ ಕಾನ್‌ನಲ್ಲಿ ದೊಡ್ಡ ಪ್ರಶಸ್ತಿ ಹೇಗೆ ಬಂತು?
— ನಿವೃತ್ತ ಶಿಕ್ಷಕಿ, ಸಾಗರ

ಉತ್ತರ: ಅಳು ಇದೆ ಮೇಡಂ, ಸದ್ದಿಲ್ಲ ಅಷ್ಟೆ. ಠಾಣೆಯ ದೃಶ್ಯವನ್ನು ಇನ್ನೊಮ್ಮೆ ನೋಡಿ. ಹೆತ್ತವರ ಮನೆಯಲ್ಲಿ ಪೆಟ್ಟು ತಿನ್ನುತ್ತಿದ್ದ ಪುಟ್ಟ ಹುಡುಗಿಯನ್ನು ತಂದು ಸಾಕಿದ ನೊಬುಯೊ ಕ್ಯಾಮೆರಾದ ಎದುರಿಗೇ ಕೂತಿದ್ದಾಳೆ. ಮಕ್ಕಳು ನಿನ್ನನ್ನು ಏನೆಂದು ಕರೆಯುತ್ತಿದ್ದರು, ಅಮ್ಮ ಎಂದೇ ಎಂದು ಅಧಿಕಾರಿ ಕೇಳುತ್ತಾಳೆ. ನೊಬುಯೊ ಬಳಿ ಉತ್ತರವಿಲ್ಲ. ಕಣ್ಣೀರು ಬರುತ್ತದೆ. ಅಂಗೈಯಿಂದ ಒರೆಸುತ್ತಾಳೆ, ಮತ್ತೆ ಬರುತ್ತದೆ, ಮತ್ತೆ ಒರೆಸುತ್ತಾಳೆ. ನಿರ್ದೇಶಕ ಹಿರೊಕಾಜು ಕೊರೆ-ಎದಾ ಆ ಪ್ರಶ್ನೆಗಳನ್ನು ಬೋರ್ಡಿನ ಮೇಲೆ ಬರೆದು ಅಧಿಕಾರಿಯ ಪಾತ್ರಧಾರಿಗೆ ಮಾತ್ರ ತೋರಿಸುತ್ತಿದ್ದರಂತೆ. ಎದುರಿಗೆ ಕೂತ ನಟಿ ಸಕುರಾ ಅಂದೊಗೆ ಮುಂದೆ ಯಾವ ಪ್ರಶ್ನೆ ಬರುತ್ತದೆಂದು ಗೊತ್ತಿರಲಿಲ್ಲ. 2018ರ ಕಾನ್ ತೀರ್ಪುಗಾರರ ಅಧ್ಯಕ್ಷೆ, ನಟಿ ಕೇಟ್ ಬ್ಲಾಂಚೆಟ್ ಈ ಅಳುವನ್ನು ಬಾಯ್ತುಂಬ ಹೊಗಳಿದ್ದರು.

ಕೊನೆಯ ಬಸ್ಸಿನ ದೃಶ್ಯವೂ ಅಷ್ಟೆ. ಅಪ್ಪ ಅನ್ನಿಸಿಕೊಳ್ಳಲು ಸಿನಿಮಾ ಉದ್ದಕ್ಕೂ ಹಂಬಲಿಸಿದ ಒಸಾಮು ಬಸ್ಸಿನ ಹಿಂದೆ ಓಡುತ್ತಾನೆ. ಆತ ಹಿಂದೆ ಬಿದ್ದ ಮೇಲೆ ಒಳಗೆ ಕೂತ ಹುಡುಗ ತಿರುಗುತ್ತಾನೆ, ತುಟಿ ಅಲ್ಲಾಡುತ್ತದೆ, ದನಿ ಕೇಳುವುದಿಲ್ಲ. ಉಣ್ಣುತ್ತಾರೆ, ಕದಿಯುತ್ತಾರೆ, ಮಲಗುತ್ತಾರೆ ಅಂದಿರಲ್ಲ, ಎರಡು ಗಂಟೆ ಇಡೀ ಮನೆ ಒಂದು ಪದಕ್ಕಾಗಿ ಕಾಯುತ್ತಿದೆ.

ಪ್ರಶ್ನೆ: ಇಂಗ್ಲಿಷ್ ಸಬ್‌ಟೈಟಲ್ ಓದಿಕೊಂಡೇ ಜಪಾನಿ ಸೀರೀಸ್ ನೋಡುತ್ತೇನೆ. ಅವರು ಹೇಳುತ್ತಿರುವುದಕ್ಕೂ ಕೆಳಗೆ ಬರುವುದಕ್ಕೂ ಏನೋ ತಾಳೆಯಾಗುತ್ತಿಲ್ಲ ಅನ್ನಿಸುತ್ತದೆ. ನನ್ನ ಭ್ರಮೆಯೇ?
— ಸಾಫ್ಟ್‌ವೇರ್ ಉದ್ಯೋಗಿ, ಮೈಸೂರು

ಉತ್ತರ: ಭ್ರಮೆಯಲ್ಲ, ಕನ್ನಡದ ಕಿವಿ. ಮನೆಯಿಂದ ಹೊರಡುವಾಗ ಅವರು ‘ಇತ್ತೆ ಕಿಮಸು’ ಅನ್ನುತ್ತಾರೆ. ‘ಇತ್ತೆ’ ಎಂದರೆ ಹೋಗಿ, ‘ಕಿಮಸು’ ಎಂದರೆ ಬರ್ತೀನಿ. ಒಳಗಿದ್ದವರು ‘ಇತ್ತೆರಶ್ಶಾಯ್’ ಅನ್ನುತ್ತಾರೆ, ಅಂದರೆ ಹೋಗಿ ಬಾ. ಸಬ್‌ಟೈಟಲ್‌ನಲ್ಲಿ ಬರುವುದು ಬರೀ ‘ನಾನು ಹೊರಟೆ’. ನಮ್ಮ ಮನೆಗಳಲ್ಲಿ ಹಾಗಂದರೆ ಅಜ್ಜಿ ಸುಮ್ಮನೆ ಬಿಟ್ಟಾಳೆಯೇ?

ಅಣ್ಣ, ತಮ್ಮ, ಅಕ್ಕ, ತಂಗಿಗೆ ಅವರಲ್ಲೂ ನಾಲ್ಕು ಬೇರೆ ಬೇರೆ ಪದಗಳಿವೆ. ಹಿರಿಯರನ್ನು ಸಂಬಂಧ ಹಿಡಿದು ಕರೆಯುವುದು, ಕಿರಿಯರನ್ನು ಹೆಸರು ಹಿಡಿದು ಕರೆಯುವುದು ನಮ್ಮ ಹಾಗೆಯೇ. ಕಾಮಾಕುರಾದ ಮೂವರು ಅಕ್ಕಂದಿರು ಮಲತಂಗಿಯನ್ನು ಮನೆಗೆ ಕರೆತರುವ ‘ಅವರ್ ಲಿಟಲ್ ಸಿಸ್ಟರ್’ (2015) ನೋಡುವಾಗ ಇದನ್ನು ಗಮನಿಸಿ. ‘ಅಕ್ಕಾ’ ಅಂದದ್ದು ಇಂಗ್ಲಿಷಿನಲ್ಲಿ ಎಷ್ಟೋ ಕಡೆ ಬರೀ ಹೆಸರಾಗಿಬಿಡುತ್ತದೆ.

ಇನ್ನೊಂದು ವಿಷಯ. ಅವರ ವಾಕ್ಯದಲ್ಲೂ ಕ್ರಿಯಾಪದ ಬರುವುದು ಕೊನೆಗೆ. ಹೌದೋ ಅಲ್ಲವೋ ತಿಳಿಯುವುದೂ ಅಲ್ಲೇ. ನಟ ‘ನಾನು ನಿನ್ನನ್ನು...’ ಎಂದು ತಡೆದು ನಿಂತಿರುವಾಗಲೇ ಸಬ್‌ಟೈಟಲ್ ಇಡೀ ಗುಟ್ಟನ್ನು ಕಕ್ಕಿಬಿಟ್ಟಿರುತ್ತದೆ. ಸಾಲನ್ನು ತಟ್ಟನೆ ಓದಿ, ಕಣ್ಣು ಮೇಲೆತ್ತಿ, ಆ ಕೊನೆಯ ಪದಕ್ಕೆ ಕಾಯಿರಿ. ನಟನೆ ಇರುವುದು ಅಲ್ಲಿ.

ಪ್ರಶ್ನೆ: ನಮ್ಮ ಧಾರಾವಾಹಿಗಳು ಸಾವಿರ ಕಂತು ದಾಟುತ್ತವೆ. ಅವರದ್ದು ಹತ್ತಕ್ಕೇ ಮುಗಿಯುತ್ತದೆ. ಅಲ್ಲಿ ಅತ್ತೆಯರೇ ಇಲ್ಲವೇ?
— ಗೃಹಿಣಿ, ದಾವಣಗೆರೆ

ಉತ್ತರ: ಅತ್ತೆಯರಿದ್ದಾರೆ, ಅವಧಿ ಇಲ್ಲ! ಖಾಸಗಿ ಚಾನೆಲ್‌ಗಳ ವರ್ಷ ಮೂರು ಮೂರು ತಿಂಗಳ ನಾಲ್ಕು ಭಾಗವಾಗಿದೆ. ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್‌ನಲ್ಲಿ ಹೊಸ ಕಥೆಗಳು ಶುರು. ವಾರಕ್ಕೊಂದರಂತೆ ಹತ್ತು ಹನ್ನೊಂದು ಕಂತು. ಈ ಮೂರು ತಿಂಗಳ ಸರದಿಗೆ ಅವರು ಇಟ್ಟ ಹೆಸರು ‘ಕೂರು’. ಫ್ರೆಂಚಿನಿಂದ ಬಂದ ಪದವಂತೆ. ನಮಗಂತೂ ಅರ್ಥ ಸಲೀಸು. ಮೂರು ತಿಂಗಳು ಕೂರು, ಆಮೇಲೆ ಏಳು.

ನಿಮಗೆ ಉದ್ದದ್ದೇ ಬೇಕೆಂದರೆ ಸಾರ್ವಜನಿಕ ವಾಹಿನಿಯಾದ ಎನ್‌ಎಚ್‌ಕೆ ಇದೆ. ಬೆಳಗಿನ ಧಾರಾವಾಹಿ ಅಲ್ಲಿ 1961ರಿಂದ ನಡೆದುಬಂದಿದೆ. ಈಗ ಬೆಳಿಗ್ಗೆ ಎಂಟಕ್ಕೆ ಹದಿನೈದು ನಿಮಿಷ, ಒಂದೊಂದು ಕಥೆ ಸುಮಾರು ಆರು ತಿಂಗಳು. 1983–84ರ ‘ಓಶಿನ್’ ಒಂದು ವರ್ಷ ಓಡಿತು, 297 ಕಂತು. ಬಡತನದಿಂದ ಏಳನೇ ವಯಸ್ಸಿಗೇ ಕೆಲಸಕ್ಕೆ ಹೋದ ಹುಡುಗಿಯ ಕಥೆ. ಅದರಲ್ಲೊಬ್ಬಳು ಅತ್ತೆ ಬರುತ್ತಾಳೆ. ನಮ್ಮ ಅತ್ತೆಯರು ಅವಳ ಮುಂದೆ ಏನೂ ಅಲ್ಲ.

ಪ್ರಶ್ನೆ: ಅಪ್ಪನಿಗೆ ಎಪ್ಪತ್ತೈದು. ಸಬ್‌ಟೈಟಲ್ ನಿಧಾನ ಓದುತ್ತಾರೆ. ಎಲ್ಲಿಂದ ಶುರು ಮಾಡಿಸಲಿ?
— ಓದುಗ, ಧಾರವಾಡ

ಉತ್ತರ: ‘ಮಿಡ್‌ನೈಟ್ ಡೈನರ್’ನಿಂದ. ಇಪ್ಪತ್ತೈದು ನಿಮಿಷಕ್ಕೆ ಒಂದು ಕಥೆ ಮುಗಿಯುತ್ತದೆ. ಟೋಕಿಯೊದ ಗಲ್ಲಿಯೊಂದರಲ್ಲಿ ಮಧ್ಯರಾತ್ರಿ ತೆರೆದು ಬೆಳಿಗ್ಗೆ ಏಳಕ್ಕೆ ಮುಚ್ಚುವ ಪುಟ್ಟ ಹೋಟೆಲು. ಬೋರ್ಡಿನಲ್ಲಿರುವ ಊಟ ಒಂದೇ, ಆದರೆ ಸಾಮಾನು ಇದ್ದರೆ ಕೇಳಿದ್ದು ಮಾಡಿಕೊಡುತ್ತಾನೆ ಯಜಮಾನ. 2009ರ ಮೊದಲ ಕಂತಿನಲ್ಲಿ ಕರಿ ಕನ್ನಡಕದ ರೌಡಿಯೊಬ್ಬ ಬಂದು ಕೂರುತ್ತಾನೆ. ಅವನಿಗೆ ಬೇಕಾದದ್ದು ಆಕ್ಟೋಪಸ್ ಆಕಾರಕ್ಕೆ ಕೊಯ್ದು ಹುರಿದ ಕೆಂಪು ಸಾಸೇಜು, ಅಲ್ಲಿ ಮಕ್ಕಳ ಡಬ್ಬಿಗೆ ಹಾಕಿ ಕಳಿಸುವ ತಿಂಡಿ. ಅಪ್ಪ ಸಸ್ಯಾಹಾರಿಯಾದರೂ ಅಡ್ಡಿಯಿಲ್ಲ, ಅವಲಕ್ಕಿ ಜೊತೆಗಿಟ್ಟುಕೊಂಡು ಕೂರಲಿ.

ಪ್ರಶ್ನೆ: ಜಪಾನಿನವರು ನಿಜಕ್ಕೂ ಇಷ್ಟು ಮೆತ್ತಗೆ ಮಾತಾಡುತ್ತಾರೆಯೇ?
— ವಿದ್ಯಾರ್ಥಿ, ಮಂಗಳೂರು

ಉತ್ತರ: ನಮ್ಮ ಕೈಗೆ ಸಿಗುವುದು ಚಿತ್ರೋತ್ಸವಗಳು ಜರಡಿ ಹಿಡಿದ ಜಪಾನ್. ಅವರು ಮನೆಮಂದಿಯೆಲ್ಲ ಕೂತು ನೋಡಿದ್ದು ‘ಹನ್‌ಝಾವಾ ನಾವೊಕಿ’. ಮೇಲಧಿಕಾರಿಗಳ ಮೋಸವನ್ನು ಎರಡರಷ್ಟು ಬಡ್ಡಿ ಸಮೇತ ತೀರಿಸುವ ಬ್ಯಾಂಕ್ ನೌಕರನ ಕಥೆ. ಕಣ್ಣು ಕೆಂಪಗೆ, ಕುತ್ತಿಗೆ ನರ ಉಬ್ಬಿಸಿ ಕಿರುಚಾಟ. 2013ರಲ್ಲಿ ಅದರ ಕೊನೆಯ ಕಂತಿಗೆ ಟೋಕಿಯೊ ಸುತ್ತಲಿನ ಕಾಂತೊ ಪ್ರದೇಶದಲ್ಲಿ ಬಂದ ರೇಟಿಂಗ್ ಶೇ. 42.2. ಮೆತ್ತಗೆ ಮಾತಾಡುವವರಿಗೂ ಕಿರುಚುವವನೊಬ್ಬ ಬೇಕಿತ್ತು.

ಪ್ರಶ್ನೆ: ಅಮ್ಮ ಹೋಗಿ ಒಂದು ವರ್ಷವಾಯಿತು. ‘ಸ್ಟಿಲ್ ವಾಕಿಂಗ್’ ನೋಡು ಅಂತ ಗೆಳೆಯ ಹೇಳುತ್ತಾನೆ. ನೋಡಬಹುದೇ?
— ಓದುಗ, ಬೆಂಗಳೂರು

ಉತ್ತರ: ನೋಡಿ, ಒಬ್ಬರೇ ನೋಡಬೇಡಿ. ಕೊರೆ-ಎದಾ ತಮ್ಮ ತಾಯಿ ತೀರಿಕೊಂಡ ಮೇಲೆ ಮಾಡಿದ ಸಿನಿಮಾ (2008). ಜಪಾನಿ ಹೆಸರು ‘ಅರುಯಿತೆಮೊ ಅರುಯಿತೆಮೊ’, ಅಂದರೆ ‘ನಡೆದರೂ ನಡೆದರೂ’.

ತೀರಿಕೊಂಡ ಹಿರಿಮಗನ ವಾರ್ಷಿಕಕ್ಕೆ ಕಿರಿಮಗ ಹೆಂಡತಿ, ಅವಳ ಮಗನೊಂದಿಗೆ ಹಳೆಯ ಮನೆಗೆ ಬರುತ್ತಾನೆ. ಅಮ್ಮ ಜೋಳದ ಕಾಳಿನ ತೆಂಪುರಾ ಕರಿಯುತ್ತಾಳೆ. ನಗು, ಚುಚ್ಚುಮಾತು, ಸ್ನಾನ, ಹಾಸಿಗೆ. ಮರುದಿನ ಮಗ ಬಸ್ ಹತ್ತುತ್ತಾನೆ. ಬಸ್ಸಿನಲ್ಲಿ ಅವನು, ಹೊಸ ವರ್ಷಕ್ಕೆ ಬರುವುದು ಬೇಡ, ವರ್ಷಕ್ಕೊಂದು ಸಲ ಸಾಕು ಅನ್ನುತ್ತಾನೆ. ಇತ್ತ ಮೆಟ್ಟಿಲು ಹತ್ತುತ್ತಾ ಅಪ್ಪ, ಇನ್ನು ಹೊಸ ವರ್ಷಕ್ಕೆ ಬರುತ್ತಾರೆ ಅನ್ನುತ್ತಾನೆ. ಹಿಂದಿನ ದಿನ ಅಮ್ಮ, ಮಗ ಇಬ್ಬರೂ ಎಷ್ಟು ತಡಕಾಡಿದರೂ ನೆನಪಾಗದಿದ್ದ ಸುಮೊ ಪೈಲ್ವಾನನ ಹೆಸರು ಮಗನಿಗೆ ಹೊಳೆಯುವುದೂ ಆ ಬಸ್ಸಿನಲ್ಲೇ. ಹೇಳೋಣವೆಂದರೆ ಅಮ್ಮ ಹಿಂದೆ ಉಳಿದಾಗಿದೆ. ಮಗನ ಕಾರಿನಲ್ಲಿ ಒಮ್ಮೆ ಕೂರಬೇಕು ಅನ್ನುವ ಅವಳ ಆಸೆಯೂ ಹಾಗೇ ಉಳಿದುಹೋಗುತ್ತದೆ.

ನಿಮಗೂ ಅಂಥದ್ದೊಂದು ಹೆಸರು ತಡವಾಗಿ ಹೊಳೆದಿದ್ದರೆ, ಪಕ್ಕದಲ್ಲಿ ಕೂತವರಿಗೆ ಹೇಳಿ.