ಪೋಲೆಂಡಿನಲ್ಲಿ ಯಹೂದಿ ಇತಿಹಾಸ: ಶಿಕ್ಷಕಿಯೊಬ್ಬರು ಕಲಿತ ಪಾಠಗಳು

ಯಹೂದಿ ಇತಿಹಾಸ ಬೋಧಿಸುವ ಶಿಕ್ಷಕರಿಗಾಗಿ ನಡೆಯುವ ಅಧ್ಯಯನ ಪ್ರವಾಸಗಳಲ್ಲಿ ಪೋಲೆಂಡಿಗೆ ವಿಶೇಷ ಸ್ಥಾನವಿದೆ. 1939ರಲ್ಲಿ ಆ ದೇಶದಲ್ಲಿ ಸುಮಾರು 33 ಲಕ್ಷ ಯಹೂದಿಗಳಿದ್ದರು. ದೇಶದ ಜನಸಂಖ್ಯೆಯಲ್ಲಿ ಹತ್ತರಲ್ಲಿ ಒಬ್ಬರು, ರಾಜಧಾನಿ ವಾರ್ಸಾದಲ್ಲಿ ಹೆಚ್ಚುಕಡಿಮೆ ಮೂವರಲ್ಲಿ ಒಬ್ಬರು ಯಹೂದಿ. ಎರಡನೆಯ ಮಹಾಯುದ್ಧ ಮುಗಿಯುವ ಹೊತ್ತಿಗೆ ಅವರಲ್ಲಿ ಸುಮಾರು 30 ಲಕ್ಷ ಮಂದಿ ನಾಜಿಗಳ ಕೈಯಲ್ಲಿ ಹತರಾಗಿದ್ದರು. ಅವರು ಬಾಳಿದ ಬೀದಿ, ಓದಿದ ಶಾಲೆ, ಕೂಡಿಹಾಕಲ್ಪಟ್ಟ ಘೆಟ್ಟೋ, ಕೊಲ್ಲಲ್ಪಟ್ಟ ಶಿಬಿರ ಎಲ್ಲವೂ ಕೆಲವೇ ಗಂಟೆಗಳ ಪ್ರಯಾಣದ ಅಂತರದಲ್ಲಿ ಸಿಗುತ್ತವೆ. ಕರ್ನಾಟಕದ ಪ್ರೌಢಶಾಲೆಯೊಂದರಲ್ಲಿ ಸಮಾಜ ವಿಜ್ಞಾನ ಬೋಧಿಸುವ ಈ ಲೇಖಕಿ ಅಂಥ ತರಬೇತಿಯಿಂದ ಕಲಿತ ಮುಖ್ಯ ಪಾಠವೆಂದರೆ, ಈ ಇತಿಹಾಸವನ್ನು ಸಾವಿನಿಂದ ಶುರುಮಾಡಬಾರದು ಎಂಬುದು. ಒಂದು ಜನಾಂಗ ಹೇಗೆ ಬಾಳಿತ್ತೆಂದು ಗೊತ್ತಾದ ಮೇಲೆಯೇ ಅದರ ನಾಶ ಎಷ್ಟು ದೊಡ್ಡದೆಂಬುದು ಮಕ್ಕಳಿಗೆ ಅರ್ಥವಾಗುತ್ತದೆ.

ಇದಕ್ಕೆ ತಕ್ಕ ಮೊದಲ ನಿಲ್ದಾಣ ವಾರ್ಸಾದ ಪೋಲಿನ್ ವಸ್ತುಸಂಗ್ರಹಾಲಯ. ಹಿಂದೆ ಘೆಟ್ಟೋ ಇದ್ದ ಜಾಗದಲ್ಲಿಯೇ ಎದ್ದ ಈ ಕಟ್ಟಡ 2013ರಲ್ಲಿ ತೆರೆಯಿತು; ಮುಖ್ಯ ಪ್ರದರ್ಶನ 2014ರಲ್ಲಿ ಆರಂಭವಾಯಿತು. ಪೋಲೆಂಡಿನ ಯಹೂದಿಗಳ ಸಾವಿರ ವರ್ಷಗಳ ಕಥೆ ಇಲ್ಲಿ ಕ್ರಮವಾಗಿ ಬಿಚ್ಚಿಕೊಳ್ಳುತ್ತದೆ. ಮಧ್ಯಯುಗದ ವ್ಯಾಪಾರಿಗಳು, 1264ರಲ್ಲಿ ಕಾಲಿಷ್ ಶಾಸನದ ಮೂಲಕ ಯಹೂದಿಗಳಿಗೆ ರಕ್ಷಣೆಯ ಹಕ್ಕು ಕೊಟ್ಟ ದೊರೆ ಬೊಲೆಸ್ವಾವ್, ಮುದ್ರಣಾಲಯಗಳು, ಸಂತೆಪೇಟೆಗಳು, ಯಿಡ್ಡಿಷ್ ಪತ್ರಿಕೆಗಳು, ರಾಜಕೀಯ ಪಕ್ಷಗಳು ಒಂದಾದಮೇಲೊಂದು ಬರುತ್ತವೆ. ಗ್ವೊಜ್ಜೆಟ್ಸ್ ಊರಿನ ಮರದ ಸಿನಗಾಗ್‌ನ ಚಾವಣಿಯನ್ನು ಹಳೆಯ ಕ್ರಮದಲ್ಲಿಯೇ ಮರ ಕೆತ್ತಿ, ಬಣ್ಣ ಹಚ್ಚಿ ಇಲ್ಲಿ ಮರುರೂಪಿಸಿದ್ದಾರೆ. ತಲೆಯೆತ್ತಿ ನೋಡಿದರೆ ಪ್ರಾಣಿಗಳು, ರಾಶಿಚಕ್ರದ ಚಿಹ್ನೆಗಳು, ಬಳ್ಳಿಗಳು, ಹೀಬ್ರೂ ಬರಹಗಳು ಒತ್ತೊತ್ತಾಗಿ ತುಂಬಿವೆ. ಯಹೂದಿಗಳೆಂದರೆ ಶಿಬಿರದ ಪಟ್ಟೆ ಬಟ್ಟೆಯವರು ಎಂದಷ್ಟೇ ತಿಳಿದು ಬಂದ ಶಿಕ್ಷಕರ ತಿಳಿವಳಿಕೆ ಈ ಚಾವಣಿಯ ಕೆಳಗೆ ಹಿಗ್ಗುತ್ತದೆ. ಹತ್ಯಾಕಾಂಡದ ಭಾಗ ಈ ಪ್ರದರ್ಶನದ ಕೊನೆಯತ್ತ, ಶತಮಾನಗಳ ಬಾಳ್ವೆಯನ್ನು ದಾಟಿದ ಮೇಲೆ ಎದುರಾಗುತ್ತದೆ.

ಎರಡನೆಯ ಹಂತ ಘೆಟ್ಟೋದ ಅಧ್ಯಯನ. 1940ರ ನವೆಂಬರಿನಲ್ಲಿ ನಾಜಿಗಳು ವಾರ್ಸಾದ ಒಂದು ಭಾಗಕ್ಕೆ ಗೋಡೆ ಕಟ್ಟಿ, ನಾಲ್ಕು ಲಕ್ಷಕ್ಕೂ ಹೆಚ್ಚು ಯಹೂದಿಗಳನ್ನು ಒಳಗೆ ಕೂಡಿಹಾಕಿದರು. ಹಸಿವಿನಿಂದ, ಟೈಫಸ್ ಜ್ವರದಿಂದ ಸಾವಿರಾರು ಜನ ಸತ್ತರು. 1942ರ ಜುಲೈ 22ರಿಂದ ಎರಡು ತಿಂಗಳಲ್ಲಿ ಸುಮಾರು 2,65,000 ಜನರನ್ನು ರೈಲಿನಲ್ಲಿ ತುಂಬಿ ಟ್ರೆಬ್ಲಿಂಕಾ ಹತ್ಯಾ ಶಿಬಿರಕ್ಕೆ ಸಾಗಿಸಿ ಕೊಂದರು. 1943ರ ಏಪ್ರಿಲ್ 19ರಂದು ಉಳಿದವರು ಬಂಡೆದ್ದು ಸುಮಾರು ಒಂದು ತಿಂಗಳು ಹೋರಾಡಿದರು. ಕೊನೆಗೆ ನಾಜಿಗಳು ಇಡೀ ಪ್ರದೇಶವನ್ನು ಸುಟ್ಟು ನೆಲಸಮ ಮಾಡಿದರು. ಕೈ ಮೇಲೆತ್ತಿ ನಿಂತ ಹುಡುಗನ ಪ್ರಸಿದ್ಧ ಛಾಯಾಚಿತ್ರ ಆ ದಮನದ್ದೇ. ಅದು ಜರ್ಮನ್ ಅಧಿಕಾರಿ ಸ್ಟ್ರೂಪ್ ತನ್ನ ಮೇಲಿನವರಿಗೆ ಕಳಿಸಿದ ವರದಿಯ ಭಾಗ. ಆ ಚಿತ್ರವನ್ನು ತೋರಿಸುವಾಗ ಕ್ಯಾಮೆರಾ ಯಾರ ಕೈಯಲ್ಲಿತ್ತು ಎಂಬುದನ್ನೂ ಮಕ್ಕಳಿಗೆ ಹೇಳಬೇಕು.

ಕೊಂದವರ ದಾಖಲೆಗೆ ಎದುರಾಗಿ ನಿಲ್ಲುವುದು ಕೊಲ್ಲಲ್ಪಟ್ಟವರೇ ಉಳಿಸಿಹೋದ ದಾಖಲೆ. ಶಾಲೆಯಲ್ಲಿ ಇತಿಹಾಸ ಬೋಧಿಸಿದ್ದ ಎಮಾನುಯೆಲ್ ರಿಂಗೆಲ್‌ಬ್ಲುಮ್ ಘೆಟ್ಟೋದೊಳಗೆ ‘ಒನೆಗ್ ಶಬ್ಬಾತ್’ ಎಂಬ ಗುಪ್ತ ಬಳಗ ಕಟ್ಟಿ, ನಿತ್ಯದ ಬದುಕಿನ ಸಾಕ್ಷ್ಯಗಳನ್ನು ಕಲೆಹಾಕಿದರು. ದಿನಚರಿಗಳು, ಭೂಗತ ಪತ್ರಿಕೆಗಳು, ಪಡಿತರ ಚೀಟಿಗಳು, ಟ್ರಾಮ್ ಟಿಕೆಟ್‌ಗಳು, ಮಿಠಾಯಿ ಸುತ್ತಿದ ಕಾಗದ, ಶಾಲಾ ಮಕ್ಕಳ ಪ್ರಬಂಧಗಳು ಅದರಲ್ಲಿವೆ. 1942ರ ಆಗಸ್ಟಿನಲ್ಲಿ ಸಾಗಾಟ ನಡೆಯುತ್ತಿದ್ದಾಗಲೇ ಇಸ್ರಾಯೆಲ್ ಲಿಖ್ಟೆನ್‌ಷ್ಟಾಯ್ನ್ ಎಂಬ ಶಿಕ್ಷಕ ತನ್ನ ಇಬ್ಬರು ಹಳೆಯ ವಿದ್ಯಾರ್ಥಿಗಳ ನೆರವಿನಿಂದ ಮೊದಲ ಕಂತನ್ನು ಲೋಹದ ಪೆಟ್ಟಿಗೆಗಳಲ್ಲಿಟ್ಟು, ನೊವೊಲಿಪ್ಕಿ ಬೀದಿಯ ಶಾಲೆಯೊಂದರ ನೆಲಮಾಳಿಗೆಯಲ್ಲಿ ಹೂತರು. ಎರಡನೆಯ ಕಂತು ಹಾಲಿನ ಕ್ಯಾನುಗಳಲ್ಲಿ ಮಣ್ಣು ಸೇರಿತು. ರಿಂಗೆಲ್‌ಬ್ಲುಮ್ 1944ರಲ್ಲಿ ಕೊಲ್ಲಲ್ಪಟ್ಟರು. ಬದುಕುಳಿದ ಕೆಲವೇ ಸದಸ್ಯರು ತೋರಿಸಿದ ಗುರುತಿನ ಮೇಲೆ 1946ರಲ್ಲಿ ಪೆಟ್ಟಿಗೆಗಳು ಸಿಕ್ಕವು; 1950ರಲ್ಲಿ ಕಟ್ಟಡ ಕೆಲಸದ ವೇಳೆ ಕ್ಯಾನುಗಳು ಆಕಸ್ಮಿಕವಾಗಿ ಸಿಕ್ಕವು. ಮೂರನೆಯ ಕಂತು ಇಂದಿಗೂ ಸಿಕ್ಕಿಲ್ಲ. 1999ರಲ್ಲಿ ಯುನೆಸ್ಕೋ ಈ ಸಂಗ್ರಹವನ್ನು ವಿಶ್ವ ಸ್ಮೃತಿ ಪಟ್ಟಿಗೆ ಸೇರಿಸಿತು.

ಒಂದು ಹಾಲಿನ ಕ್ಯಾನು ವಾರ್ಸಾದ ಯಹೂದಿ ಇತಿಹಾಸ ಸಂಸ್ಥೆಯಲ್ಲಿದೆ. ಮೈತುಂಬ ತುಕ್ಕು ಹಿಡಿದ ಸಾಧಾರಣ ಕ್ಯಾನು ಅದು. ಊರ ಹಾಲಿನ ಡೇರಿಯ ಮುಂದೆ ಸಾಲಾಗಿ ಇಟ್ಟಿರುತ್ತಾರಲ್ಲ, ಅಂಥದ್ದೇ. ಮೊದಲ ಕಂತಿನ ಪೆಟ್ಟಿಗೆಗಳಿಗೆ ನೀರು ಹೊಕ್ಕು ಹಲವು ಹಾಳೆಗಳ ಶಾಯಿ ಕದಡಿದೆ, ಅಂಚು ಬೂಷ್ಟು ಹಿಡಿದು ಕಪ್ಪಾಗಿದೆ. ತಾವು ಉಳಿಯಲಾರೆವೆಂದು ತಿಳಿದೂ ಸತ್ಯ ಉಳಿಯಬೇಕೆಂದು ಬರೆದಿಟ್ಟವರ ಈ ಕೆಲಸ ಇತಿಹಾಸ ಬೋಧಿಸುವವರಿಗೆ ದೊಡ್ಡ ಪಾಠ. ಆಕರ ಎಂದರೇನು, ಸಾಕ್ಷಿ ಎಂದರೇನು ಎಂಬುದನ್ನು ವಿವರಿಸಲು ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ.

ವಾರ್ಸಾದ ಪಾಠಗಳಲ್ಲಿ ಭಾರತೀಯ ಶಿಕ್ಷಕರನ್ನು ಹತ್ತಿರದಿಂದ ತಟ್ಟುವುದು ಯಾನುಷ್ ಕೋರ್ಚಾಕ್ ಅವರ ಬದುಕು. ವೈದ್ಯರೂ ಲೇಖಕರೂ ಆಗಿದ್ದ ಅವರು ಅನಾಥ ಮಕ್ಕಳ ಆಶ್ರಮ ನಡೆಸುತ್ತಿದ್ದರು. ಮಕ್ಕಳೇ ನ್ಯಾಯಾಧೀಶರಾಗುವ ನ್ಯಾಯಾಲಯ ಅಲ್ಲಿತ್ತು. 1942ರ ಜುಲೈ 18ರಂದು ಆಶ್ರಮದ ಮಕ್ಕಳು ಘೆಟ್ಟೋದೊಳಗೆ ರವೀಂದ್ರನಾಥ ಟ್ಯಾಗೋರರ ‘ಡಾಕ್‌ಘರ್’ ನಾಟಕವಾಡಿದರು. ಕಿಟಕಿಯ ಬಳಿ ಕುಳಿತು ಹೊರಜಗತ್ತಿಗಾಗಿ ಹಂಬಲಿಸುವ ರೋಗಿ ಬಾಲಕ ಅಮಲನ ಕಥೆ ಅದು. ನಾಲ್ಕು ದಿನಗಳಲ್ಲಿ ಸಾಗಾಟ ಶುರುವಾಯಿತು. ಆಗಸ್ಟ್ ಮೊದಲ ವಾರದಲ್ಲಿ ಕೋರ್ಚಾಕ್, ಅವರ ಸಹೋದ್ಯೋಗಿ ಸ್ತೆಫಾನಿಯಾ ವಿಲ್ಚಿನ್‌ಸ್ಕಾ ಮತ್ತು ಸುಮಾರು 200 ಮಕ್ಕಳನ್ನು ಟ್ರೆಬ್ಲಿಂಕಾಗೆ ಒಯ್ದರು. ತಪ್ಪಿಸಿಕೊಳ್ಳುವ ಅವಕಾಶವಿದ್ದರೂ ಕೋರ್ಚಾಕ್ ಮಕ್ಕಳ ಕೈಬಿಡಲಿಲ್ಲ.

ದಕ್ಷಿಣದ ಕ್ರಾಕೋವ್ ನಗರದಲ್ಲಿ ಯಹೂದಿ ಬಡಾವಣೆ ಕಾಜಿಮೆಜ್ ಯುದ್ಧದಲ್ಲಿ ನಾಶವಾಗದೆ ಉಳಿದಿದೆ. ಹದಿನಾರನೆಯ ಶತಮಾನದ ರೆಮು ಸಿನಗಾಗ್, ಅದರ ಪಕ್ಕದ ಹಳೆಯ ಸ್ಮಶಾನ ಇಲ್ಲಿವೆ. ಕಟ್ಟಡಗಳಿವೆ, ಅವುಗಳಲ್ಲಿ ಬಾಳಿದ್ದ ಜನ ಇಲ್ಲ. ನದಿಯಾಚೆ ಘೆಟ್ಟೋ ಇದ್ದ ಚೌಕದಲ್ಲಿ ದೊಡ್ಡ ಲೋಹದ ಖಾಲಿ ಕುರ್ಚಿಗಳನ್ನು ನಿಲ್ಲಿಸಿದ್ದಾರೆ. ಅಲ್ಲಿಯೇ ತದೇವುಷ್ ಪಾನ್‌ಕೆವಿಚ್ ಎಂಬ ಪೋಲಿಷ್ ಕ್ಯಾಥೊಲಿಕ್ ವ್ಯಕ್ತಿ ಘೆಟ್ಟೋದೊಳಗೆ ಔಷಧದಂಗಡಿ ನಡೆಸಿ ಯಹೂದಿಗಳಿಗೆ ನೆರವಾದರು. ಆ ಅಂಗಡಿ ಈಗ ವಸ್ತುಸಂಗ್ರಹಾಲಯ.

ಕ್ರಾಕೋವ್‌ನಿಂದ ಪಶ್ಚಿಮಕ್ಕಿರುವ ಆಶ್ವಿಟ್ಜ್-ಬಿರ್ಕೆನೌ ಶಿಬಿರಕ್ಕೆ ಸಾಗಿಸಲಾದ ಸುಮಾರು 13 ಲಕ್ಷ ಜನರಲ್ಲಿ ಸುಮಾರು 11 ಲಕ್ಷ ಮಂದಿ ಸತ್ತರು. ಅವರಲ್ಲಿ ಬಹುಪಾಲು ಯಹೂದಿಗಳು. ಪೋಲಿಷರು, ರೋಮಾ ಜನರು, ಸೋವಿಯತ್ ಯುದ್ಧಕೈದಿಗಳೂ ಇದ್ದರು. 1945ರ ಜನವರಿ 27ರಂದು ಸೋವಿಯತ್ ಸೇನೆ ಶಿಬಿರವನ್ನು ಬಿಡುಗಡೆಗೊಳಿಸಿತು. ಪ್ರದರ್ಶನದಲ್ಲಿರುವ ಸೂಟ್‌ಕೇಸುಗಳ ಮೇಲೆ ಹೆಸರು, ಊರು, ಹುಟ್ಟಿದ ದಿನಾಂಕಗಳನ್ನು ದಪ್ಪ ಅಕ್ಷರದಲ್ಲಿ ಬರೆದಿದೆ. ಬರೆದವರು ಅವು ತಮಗೆ ಮರಳಿ ಸಿಗುತ್ತವೆಂದು ನಂಬಿದ್ದರು. 27ನೆಯ ಬ್ಲಾಕಿನಲ್ಲಿ ಜೆರುಸಲೇಮಿನ ಹತ್ಯಾಕಾಂಡ ಸ್ಮಾರಕ ಸಂಸ್ಥೆ ಯಾದ್ ವಶೆಮ್ ರೂಪಿಸಿದ ಪ್ರದರ್ಶನ ಯುದ್ಧಪೂರ್ವದ ಮದುವೆ, ಹಾಡು, ಆಟಗಳ ಚಲನಚಿತ್ರ ತುಣುಕುಗಳಿಂದ ಆರಂಭವಾಗುತ್ತದೆ. ಕೊನೆಯಲ್ಲಿ 40 ಲಕ್ಷಕ್ಕೂ ಹೆಚ್ಚು ಹೆಸರುಗಳಿರುವ ಬೃಹತ್ ಪುಸ್ತಕವಿದೆ. ಬದುಕಿನಿಂದ ಆರಂಭಿಸುವ ಕ್ರಮ ಇಲ್ಲಿಯೂ ಅದೇ.

ಯಾದ್ ವಶೆಮ್ ಮತ್ತು ಇತರ ಸಂಸ್ಥೆಗಳು ಶಿಕ್ಷಕರಿಗೆ ಹೇಳಿಕೊಡುವ ಬೋಧನಾ ನಿಯಮಗಳು ಸ್ಪಷ್ಟವಾಗಿವೆ. ಮಕ್ಕಳನ್ನು ಈ ವಿಷಯದೊಳಗೆ ಜೋಪಾನವಾಗಿ ಕರೆದೊಯ್ದು ಜೋಪಾನವಾಗಿಯೇ ಹೊರತರಬೇಕು. ಹೆಣಗಳ ರಾಶಿಯ ಚಿತ್ರ ತೋರಿಸಿ ಬೆಚ್ಚಿಬೀಳಿಸಬಾರದು. ತರಗತಿಯಲ್ಲಿ ಘೆಟ್ಟೋ, ಶಿಬಿರಗಳ ಅಭಿನಯ ಮಾಡಿಸಬಾರದು, ಏಕೆಂದರೆ ಆ ನೋವನ್ನು ಆಟವಾಗಿ ಅನುಭವಿಸಲು ಬರುವುದಿಲ್ಲ. ಅಂಕಿಸಂಖ್ಯೆಯ ಜೊತೆಗೆ ಒಬ್ಬೊಬ್ಬರ ಕಥೆ ಹೇಳಬೇಕು. ಯಾತನಾ ಶಿಬಿರ ಬೇರೆ, ಕೊಲ್ಲಲೆಂದೇ ಕಟ್ಟಿದ ಶಿಬಿರ ಬೇರೆ ಎಂಬುದನ್ನು ಖಚಿತವಾಗಿ ತಿಳಿಸಬೇಕು.

ಈ ನಿಯಮಗಳು ಕರ್ನಾಟಕದ ತರಗತಿಯಲ್ಲಿಯೂ ಉಪಯುಕ್ತ. ಹಿಟ್ಲರನ ಶಿಸ್ತನ್ನು ಮೆಚ್ಚಿ ಮಾತನಾಡುವ ವಿದ್ಯಾರ್ಥಿಗಳು ಈ ಲೇಖಕಿಗೆ ಹಲವು ಬಾರಿ ಎದುರಾಗಿದ್ದಾರೆ. ಗದರಿಸಿದರೆ ಅವರು ಬಾಯಿ ಮುಚ್ಚುತ್ತಾರೆ, ಅಭಿಪ್ರಾಯ ಬದಲಾಗುವುದಿಲ್ಲ. ಆಶ್ರಮದ ಮಕ್ಕಳು ಟ್ಯಾಗೋರರ ನಾಟಕವಾಡಿದ್ದನ್ನೂ, ಅವರಿಗೆ ಏನಾಯಿತೆಂಬುದನ್ನೂ ಹೇಳಿದರೆ ಪ್ರಶ್ನೆಗಳು ತಾವಾಗಿಯೇ ಹುಟ್ಟುತ್ತವೆ.

ಪಾಠ ಆರಂಭಿಸಲು ಕನ್ನಡ ನೆಲದಲ್ಲಿಯೇ ಆಧಾರಗಳಿವೆ. ಹನ್ನೆರಡನೆಯ ಶತಮಾನದಲ್ಲಿ ಟ್ಯುನೀಷಿಯಾ ಮೂಲದ ಯಹೂದಿ ವರ್ತಕ ಅಬ್ರಹಾಂ ಬೆನ್ ಯಿಜು ಮಂಗಳೂರಿನಲ್ಲಿ ಹಲವು ವರ್ಷ ನೆಲೆಸಿ, ಏಡನ್ ಬಂದರಿನೊಂದಿಗೆ ಮೆಣಸು, ಅಡಕೆ, ಕಬ್ಬಿಣದ ವ್ಯಾಪಾರ ನಡೆಸಿದ. ಬೊಮ್ಮ ಎಂಬ ಇಲ್ಲಿನ ಆಳು ಅವನ ಪ್ರತಿನಿಧಿಯಾಗಿ ಕಡಲು ದಾಟಿ ಹೋಗಿಬರುತ್ತಿದ್ದ. ಅವರ ವ್ಯವಹಾರದ ಪತ್ರಗಳು ಕೈರೋದ ಸಿನಗಾಗ್ ಒಂದರಲ್ಲಿ ಉಳಿದುಬಂದವು. ನಾಜಿ ಆಡಳಿತದಿಂದಾಗಿ ಜರ್ಮನಿ ಬಿಟ್ಟ ಯಹೂದಿ ಮೂಲದ ವಾಸ್ತುಶಿಲ್ಪಿ ಓಟೊ ಕೋನಿಗ್ಸ್‌ಬರ್ಗರ್ 1939ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಸೇರಿ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಕೆಲವು ಕಟ್ಟಡಗಳನ್ನು ರೂಪಿಸಿದರು. ಬೆನ್ ಯಿಜುವಿನ ಮಂಗಳೂರಿನಿಂದ ಹೊರಟು ಗ್ವೊಜ್ಜೆಟ್ಸ್‌ನ ಚಾವಣಿ, ರಿಂಗೆಲ್‌ಬ್ಲುಮ್ ಬಳಗದ ಕ್ಯಾನು, ಕೋರ್ಚಾಕರ ಆಶ್ರಮಗಳ ಮೂಲಕ ಆಶ್ವಿಟ್ಜ್ ತಲುಪಿ, ಕೋನಿಗ್ಸ್‌ಬರ್ಗರರಂತೆ ಪಾರಾಗಿ ಬೇರೆಡೆ ಬಾಳು ಕಟ್ಟಿದವರ ಕಥೆಯೊಂದಿಗೆ ಮುಗಿಯುವ ಪಾಠಕ್ರಮವನ್ನು ಹತ್ತನೆಯ ತರಗತಿಯಲ್ಲಿ ನಾಲ್ಕೈದು ಅವಧಿಗಳಲ್ಲಿ ಪೂರೈಸಬಹುದು. ಎರಡನೆಯ ಮಹಾಯುದ್ಧದ ಅಧ್ಯಾಯ ಬರುವ ಮೊದಲೇ ಅದನ್ನು ಆರಂಭಿಸುವುದು ಒಳ್ಳೆಯದು.