ಪಾಲಿಯೊ ಬಿಚ್ಚುವ ಮೊದಲು

ಅಳಿಯಾ, ಫಿಯೆಟ್ ಪಾಲಿಯೊ ಕಾರು ಮನೆಗೆ ಬಂತು ಅಂತ ನಿನ್ನಮ್ಮ ಫೋನಿನಲ್ಲಿ ಹೇಳಿದಳು. ಹೇಳಿದ ಧಾಟಿ ಏನೂ ಚೆನ್ನಾಗಿರಲಿಲ್ಲ. ಅಡಿಕೆ ಸುಲಿಯುವ ಶೆಡ್ಡಿನಲ್ಲಿ ಅರ್ಧ ಜಾಗ ಹೋಯಿತು ಅನ್ನುವುದು ಅವಳ ದೂರು. ಅದನ್ನು ನೀನೇ ಸಂಭಾಳಿಸಿಕೊ. ನಾನು ಹೇಳಬೇಕಾದದ್ದು ಬೇರೆ ಇದೆ, ಮತ್ತು ಅದನ್ನು ಈಗಲೇ ಹೇಳಬೇಕು. ಕೈಗೆ ಸ್ಪ್ಯಾನರ್ ಬಂದ ಮೇಲೆ ಯಾರ ಮಾತೂ ಯಾರ ಕಿವಿಗೂ ಹೋಗುವುದಿಲ್ಲ.

ಮೊದಲು ನೀನು ತಂದಿರುವುದು ಎಂಥ ಕಾರು ಅಂತ ತಿಳಿದುಕೊ. 2001ರಲ್ಲಿ ಪಾಲಿಯೊ ನಮ್ಮ ದೇಶಕ್ಕೆ ಬಂದಾಗ ಸಣ್ಣ ಕಾರಿನ ಬಗ್ಗೆ ಜನ ಕೇಳುತ್ತಿದ್ದದ್ದು ಒಂದೇ ಪ್ರಶ್ನೆ: ಎಷ್ಟು ಕೊಡುತ್ತೆ? ಚುರುಕು ಅನ್ನಿಸಿಕೊಂಡಿದ್ದ ಮಾರುತಿ ಝೆನ್ ಕೂಡ 60 ಬಿಎಚ್‌ಪಿ ಆಸುಪಾಸಿನದು. ಅಂಥ ಕಾಲದಲ್ಲಿ ಫಿಯೆಟ್‌ನವರು 1,596 ಸಿಸಿಯ, 16 ವಾಲ್ವಿನ, 100 ಬಿಎಚ್‌ಪಿ ಇಂಜಿನ್ ತಂದು ಗಿಡ್ಡ ಕಾರಿನಲ್ಲಿ ಕೂರಿಸಿ ಜಿಟಿಎಕ್ಸ್ ಅಂತ ಹೆಸರಿಟ್ಟರು. ಮುಖ ತಿದ್ದಿದವನು ಇಟಲಿಯ ವಿನ್ಯಾಸಕಾರ ಜುಜಾರೊ. ಜಾಹೀರಾತಿಗೆ ಸಚಿನ್ ತೆಂಡೂಲ್ಕರ್. ಬಾಗಿಲು ಹಾಕಿದರೆ ದಪ್ಪ ಸದ್ದು, ನೂರು ದಾಟಿದರೂ ರಸ್ತೆಗೆ ಕಚ್ಚಿಕೊಂಡ ಹಾಗಿರುವ ನಡೆ. ಪೇಟೆಯಲ್ಲಿ ಮಾತ್ರ ಲೀಟರಿಗೆ ಎಂಟೊಂಬತ್ತು ಕಿಲೋಮೀಟರ್. ಈ ಕಾರಿನ ಮುಂದಿನ ಕಷ್ಟಗಳಿಗೆಲ್ಲ ಮೂಲ ಇಲ್ಲೇ ಇದೆ. ಇಷ್ಟಪಟ್ಟು ಕೊಂಡವನು ಪೆಟ್ರೋಲ್ ಖರ್ಚಿಗೆ ಹೆದರಿ ಮಾರಿದ. ಅಗ್ಗಕ್ಕೆ ಸಿಕ್ಕಿತು ಅಂತ ಕೊಂಡವನು ತನಗೆ ಬೇಕಾದ ಹಾಗೆ ತಿದ್ದಿದ. ಅವನಿಂದ ಕೊಂಡವನು ಆ ತಿದ್ದುಪಡಿಯನ್ನೇ ಇನ್ನಷ್ಟು ತಿದ್ದಿದ.

ಹಾಗಾಗಿ ನಿನ್ನ ಶೆಡ್ಡಿನಲ್ಲಿ ನಿಂತಿರುವ ಕಾರು ಹಳೆಯದಾಗಿ ಕೆಟ್ಟಿರುವುದು ಕಡಿಮೆ, ಉಪಕಾರ ಮಾಡಿಸಿಕೊಂಡು ಕೆಟ್ಟಿರುವುದು ಹೆಚ್ಚು. ಮೂಲ ಸ್ಥಿತಿಗೆ ತರುವುದು ಅಂದರೆ ಹಳೇ ಮನೆಯ ಗೋಡೆಯಿಂದ ಸುಣ್ಣದ ಪದರ ಎಬ್ಬಿಸುತ್ತ ಹೋಗುವ ಕೆಲಸ. ಒಬ್ಬೊಬ್ಬರು ಮಾಡಿದ ಉಪಕಾರವನ್ನು ಹುಡುಕಿ ಹುಡುಕಿ ವಾಪಸು ತೆಗೆಯಬೇಕು. ಅದರ ಮೇಲೆ ನಿನ್ನದೊಂದು ಉಪಕಾರ ಸೇರಿಸಕೂಡದು. ಕಷ್ಟವಾಗುವುದು ಎರಡನೆಯದೇ.

ಒಂದು ಉದಾಹರಣೆ ಬಿಡಿಸಿ ಹೇಳುತ್ತೇನೆ. ಬಾನೆಟ್ ಎತ್ತಿ ಥರ್ಮೋಸ್ಟಾಟ್ ಇದೆಯೇ ನೋಡು. ಬಹುತೇಕ ಇರುವುದಿಲ್ಲ. ಎಂದೋ ಒಂದು ಬೇಸಿಗೆಯಲ್ಲಿ ಘಾಟಿ ಹತ್ತುವಾಗ ಇಂಜಿನ್ ಬಿಸಿಯಾಗಿರುತ್ತದೆ, ಗ್ಯಾರೇಜಿನವನು "ತೆಗೆದುಬಿಡೋಣ ಸಾರ್, ನಮ್ಮ ಸೆಕೆಗೆ ಇದು ಬೇಡ" ಅಂದಿರುತ್ತಾನೆ. ತೆಗೆದ ಮೇಲೆ ಮೀಟರಿನ ಮುಳ್ಳು ಕೆಳಗೇ ಉಳಿಯುತ್ತದೆ, ಮಾಲೀಕನಿಗೆ ನೆಮ್ಮದಿ. ಒಳಗೆ ನಡೆಯುವುದು ಬೇರೆ. ಇಂಜಿನ್ ತನಗೆ ಬೇಕಾದ ಬಿಸಿಗೆ ಬರುವುದೇ ಇಲ್ಲ. ಸೆನ್ಸರ್ ನೋಡಿದ ಇಸಿಯು, ಅಂದರೆ ಇಂಜಿನ್ನಿನ ಕಂಪ್ಯೂಟರು, "ಇನ್ನೂ ತಣ್ಣಗಿದೆ" ಅಂದುಕೊಂಡು ಪೆಟ್ರೋಲ್ ಹೆಚ್ಚು ಸುರಿಯುತ್ತದೆ. ಪ್ಲಗ್ ಕಪ್ಪಾಗುತ್ತದೆ, ಆಯಿಲ್ ಬೇಗ ಹಾಳಾಗುತ್ತದೆ, ಮೊದಲೇ ಕುಡುಕನಾದ ಇಂಜಿನ್ ಇನ್ನೂ ಕುಡಿಯುತ್ತದೆ. ಆಮೇಲೆ ಇದೇ ಮನುಷ್ಯ ಮೈಲೇಜಿಲ್ಲ ಅಂತ ಗ್ಯಾಸ್ ಕಿಟ್ ಹಾಕಿಸುತ್ತಾನೆ. ಒಂದು ಉಪಕಾರ ಇನ್ನೊಂದನ್ನು ಕರೆದುಕೊಂಡು ಬರುವುದು ಹೀಗೆ.

ಹೊಸ ಥರ್ಮೋಸ್ಟಾಟ್ ತಂದರೆ ನೇರ ಹಾಕಬೇಡ. ಪಾತ್ರೆಯಲ್ಲಿ ನೀರಿಟ್ಟು, ದಾರದಲ್ಲಿ ಇಳಿಬಿಟ್ಟು, ಒಲೆಯ ಮೇಲೆ ಕಾಯಿಸು. ಜೊತೆಗೊಂದು ಥರ್ಮಾಮೀಟರ್ ಇರಲಿ. ಅದರ ಮೈಮೇಲೆ ಎಷ್ಟು ಡಿಗ್ರಿ ಅಂತ ಒತ್ತಿದ್ದಾರೋ ಅಲ್ಲಿಗೆ ಬಂದಾಗ ಬಾಯಿ ಬಿಡಲು ಶುರುಮಾಡಬೇಕು, ತಣಿದಾಗ ಪೂರ್ತಿ ಮುಚ್ಚಬೇಕು. ಹಾಗೆ ಆಗದ್ದನ್ನು ಅಂಗಡಿಗೆ ವಾಪಸು ಕೊಡು. ನಿನ್ನಮ್ಮನ ಪಾತ್ರೆ ಮುಟ್ಟಬೇಡ, ಹಳೆಯದೊಂದು ಡಬರಿ ಶೆಡ್ಡಿನಲ್ಲೇ ಇಟ್ಟುಕೊ. ರೇಡಿಯೇಟರಿಗೆ ಬೋರಿನ ನೀರು ಹಾಕುವ ಚಾಳಿ ಇದ್ದರೆ ಇಂದೇ ಬಿಡು. ಕೂಲೆಂಟ್ ಅಂದರೆ ಬರೀ ಬಣ್ಣದ ನೀರಲ್ಲ, ಒಳಗೆ ತುಕ್ಕು ಹಿಡಿಯದ ಹಾಗೆ ಕಾಯುವುದೂ ಅದೇ.

ಥರ್ಮೋಸ್ಟಾಟ್ ತೆಗೆಸಿದ ಕಾರಿನಲ್ಲಿ ಫ್ಯಾನು "ಡೈರೆಕ್ಟ್" ಆಗಿರುವುದೂ ಸಾಮಾನ್ಯ. ಡ್ಯಾಶ್‌ಬೋರ್ಡಿನ ಕೆಳಗೆ ಸ್ವಿಚ್ಚು, ಅಲ್ಲಿಂದ ಒಂದು ಕೆಂಪು ವೈರು ಮುಂದಕ್ಕೆ ಓಡಿರುತ್ತದೆ. ಅದರ ಪಕ್ಕದಲ್ಲಿ ದೊಡ್ಡ ಹಾರ್ನಿನ ವೈರು, ಎಂದೋ ತೆಗೆದುಹಾಕಿದ ಮ್ಯೂಸಿಕ್ ಸಿಸ್ಟಮ್ಮಿನ ತುಂಡುಗಳು, ಸೆಂಟ್ರಲ್ ಲಾಕಿಂಗ್ ಅಂತ ಕತ್ತರಿಸಿ ತಿರುಚಿ ಟೇಪು ಸುತ್ತಿದ ಜಾಯಿಂಟುಗಳು. ನಿನ್ನ ಶೆಡ್ಡಿನಲ್ಲಿ ಇಲಿ, ಹೆಗ್ಗಣದ ಕಾಟ ಬೇರೆ. ವೈರಿಂಗ್ ಕೆಲಸಕ್ಕೆ ಅವಸರ ಇರಲೇಬಾರದು. ಬ್ಯಾಟರಿಯ ನೆಗೆಟಿವ್ ಬಿಚ್ಚಿ, ಹೊರಗಿನಿಂದ ಬಂದ ಒಂದೊಂದು ವೈರನ್ನೂ ಕೊನೆಯಿಂದ ಹಿಡಿದು ಅದು ಹುಟ್ಟುವ ಜಾಗದವರೆಗೆ ಹೋಗು. ಬಿಳೀ ಹಾಳೆಯಲ್ಲಿ ಬಣ್ಣ ಬರೆದುಕೊ, ಆಮೇಲೆ ತೆಗೆ. ಕಾರ್ಖಾನೆಯ ವೈರಿಗೆ ಕತ್ತರಿ ತಾಗಿಸಬೇಡ. ಇದೆಲ್ಲ ಆದ ಮೇಲೆ ಅರ್ಥ್ ಪಾಯಿಂಟುಗಳನ್ನು, ಅಂದರೆ ಬ್ಯಾಟರಿಯಿಂದ ಬಾಡಿಗೆ, ಬಾಡಿಯಿಂದ ಇಂಜಿನ್ನಿಗೆ ಹೋಗುವವನ್ನು, ಬಿಚ್ಚಿ ಮರಳು ಕಾಗದದಲ್ಲಿ ಉಜ್ಜಿ ಹೊಳೆಯಿಸಿ ಬಿಗಿ ಮಾಡು. "ಮಿಸ್ಸಿಂಗ್ ಹೊಡೀತಿದೆ, ಇಸಿಯು ಹೋಗಿದೆ" ಅಂತ ಸಾವಿರಾರು ರೂಪಾಯಿ ಕೀಳುವ ಕಾಯಿಲೆಗಳಲ್ಲಿ ಎಷ್ಟೋ ಈ ಉಜ್ಜುವಿಕೆಯಲ್ಲೇ ವಾಸಿಯಾಗುತ್ತವೆ.

ಗ್ಯಾಸ್ ಕಿಟ್ ಇದ್ದರೆ ಮಾತ್ರ ನೀನು ಕೈ ಹಾಕಬೇಡ. ಟ್ಯಾಂಕ್ ಖಾಲಿ ಮಾಡಿಸಿ ತೆಗೆಸುವುದು ಕಿಟ್ ಕೂರಿಸುವ ಅಧಿಕೃತ ಸೆಂಟರಿನವರ ಕೆಲಸ. ನಿನ್ನ ಪಾಲಿನದು ಅದಾದ ಮೇಲೆ ಶುರು. ಕಿಟ್ ಹಾಕಿದವರು ಡಿಕ್ಕಿಯ ತಳಕ್ಕೆ ಕೊರೆದ ತೂತುಗಳನ್ನು ಮುಚ್ಚಬೇಕು, ಇಲ್ಲದಿದ್ದರೆ ಮಳೆಗಾಲದ ಕೆಸರು ನೀರು ಒಳಗೆ. ಇಂಜೆಕ್ಟರ್ ವೈರನ್ನು ಕತ್ತರಿಸಿ ಮಧ್ಯೆ ಸೇರಿಸಿದ್ದನ್ನು ಮೊದಲಿನಂತೆ ಜೋಡಿಸಬೇಕು. ಜೊತೆಗೆ ಆರ್‌ಸಿಯಲ್ಲಿ ಇಂಧನದ ಕಾಲಮ್ ನೋಡು. ಪೆಟ್ರೋಲ್ ಜೊತೆ ಎಲ್‌ಪಿಜಿ ಅಂತ ಇದ್ದರೆ ಆರ್‌ಟಿಓಗೆ ಅರ್ಜಿ ಕೊಟ್ಟು ತೆಗೆಸಬೇಕು. ಕಾರು ಮತ್ತು ಕಾಗದ ಒಂದೇ ಮಾತು ಹೇಳಬೇಕು. ತಯಾರಕರು ಕೊಟ್ಟ ವಿವರಕ್ಕಿಂತ ಬೇರೆಯಾಗುವ ಹಾಗೆ ವಾಹನವನ್ನು ಬದಲಾಯಿಸಕೂಡದು ಅಂತ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಬಗ್ಗೆ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ. ಮೂಲ ಸ್ಥಿತಿಗೇ ತರುವ ನಿನ್ನ ಹಠಕ್ಕೆ ಕಾನೂನಿನ ಬೆಂಬಲವೂ ಇದೆ ಅಂದುಕೊ.

ಇನ್ನು ಸಾಮಾನಿನ ಮಾತು. ಫಿಯೆಟ್ ಕಾರುಗಳ ಮಾರಾಟ ನಮ್ಮಲ್ಲಿ 2019ಕ್ಕೇ ನಿಂತಿದೆ. ಬ್ರೇಕ್ ಪ್ಯಾಡು, ಬುಷ್ಷು, ಫಿಲ್ಟರು ಹೇಗೋ ಸಿಗುತ್ತವೆ. ಫಿಯೆಟ್‌ನದೇ ಸಿಯೆನಾ, ಪೆಟ್ರಾ, ಅಡ್ವೆಂಚರ್ ಎಲ್ಲ ಇದೇ ಮನೆತನದ ಕಾರುಗಳು. ಸಿಗದಿರುವುದು ಹತ್ತು ರೂಪಾಯಿಯ ಪ್ಲಾಸ್ಟಿಕ್ ಕ್ಲಿಪ್ಪು, ಬಾಗಿಲಿನ ಬೀಡಿಂಗು, ಒಡೆಯದ ಟೈಲ್ ಲ್ಯಾಂಪು, ಹಿಂದೆ ಅಂಟಿಸಿರುವ ಜಿಟಿಎಕ್ಸ್ ಅನ್ನುವ ಅಕ್ಷರ. ಆದ್ದರಿಂದ ಯಾವ ಭಾಗಕ್ಕೆ ಬದಲಿ ಕೈಯಲ್ಲಿಲ್ಲವೋ ಅದನ್ನು ಬಲವಂತವಾಗಿ ಕೀಳಬೇಡ. ಇಪ್ಪತ್ತು ವರ್ಷದ ಪ್ಲಾಸ್ಟಿಕ್ಕು ಬೆಳಗಿನ ಚಳಿಯಲ್ಲಿ ಮುಟ್ಟಿದರೆ ಮುರಿಯುತ್ತದೆ. ಮಧ್ಯಾಹ್ನದ ಬಿಸಿಲಿಗೆ ಕಾರು ನಿಲ್ಲಿಸಿ, ಮೆತ್ತಗಾದ ಮೇಲೆ ಬಿಡಿಸು. ಬೆಂಗಳೂರಿನ ಜೆ.ಸಿ. ರೋಡಿಗೆ ಹೋಗುವಾಗ ಹಳೆಯ ಭಾಗವನ್ನು ಚೀಲದಲ್ಲಿ ಹಾಕಿಕೊಂಡೇ ಹೋಗು. "1.2 ಲೀಟರ್ ಪಾಲಿಯೊದ್ದೇ ಇದಕ್ಕೂ ಆಗುತ್ತೆ" ಅನ್ನುವವನ ಮುಂದೆ ಇಟ್ಟು ತಾಳೆ ನೋಡಬಹುದು. ಅಲ್ಲಿ ಸಿಗದಿದ್ದರೆ ಚೆನ್ನೈನ ಪುದುಪೇಟೆ. ಈ ಕಾರು ಹುಟ್ಟಿದ್ದು ಮುಂಬೈಯ ಕುರ್ಲಾದಲ್ಲಿ, ಅಲ್ಲಿನ ಗುಜರಿ ಅಂಗಡಿಗಳಲ್ಲೂ ವಿಚಾರಿಸಬಹುದು. ಗುಜರಿಯಲ್ಲಿ ಸಿಕ್ಕ ಒರಿಜಿನಲ್ ಭಾಗ ಸ್ವಲ್ಪ ಗೀರು ಬಿದ್ದಿದ್ದರೂ ಡಬ್ಬಿಯಲ್ಲಿ ಬಂದ ಹೊಳೆಯುವ ಡೂಪ್ಲಿಕೇಟಿಗಿಂತ ಮೇಲು. ಸೀಟಿನ ಬಟ್ಟೆ ಮಾಸಿದೆ ಅಂತ ರೆಕ್ಸಿನ್ ಹಾಕಿಸಲು ಓಡಬೇಡ, ತೊಳೆದು ನೋಡು.

ರಬ್ಬರಿನ ವಿಷಯದಲ್ಲಿ ಮಾತ್ರ ನನ್ನ ಮಾತು ಪೂರ್ತಿ ಉಲ್ಟಾ. ಅಲ್ಲಿ ಮೂಲ ಅಂತ ಒಂದೂ ಉಳಿಯಕೂಡದು. ಟೈರಿನ ಮಗ್ಗುಲಲ್ಲಿ ನಾಲ್ಕು ಅಂಕಿ ಇರುತ್ತದೆ, 2314 ಅಂದರೆ 2014ರ 23ನೇ ವಾರ. ಟ್ರೆಡ್ ಎಷ್ಟೇ ಆಳವಿರಲಿ, ಅಷ್ಟು ಹಳೆಯದನ್ನು ಕಳಚು. ಅಳತೆ ಕೈಪಿಡಿಯಲ್ಲಿರುವುದೇ ಇರಲಿ, ಅಗಲದ ಟೈರಿನ ಆಸೆ ಬೇಡ. ಬ್ರೇಕ್ ಹೋಸು, ಕೂಲೆಂಟ್ ಹೋಸು ಹೊಸದಾಗಬೇಕು. ಪೆಟ್ರೋಲ್ ಹೋಸಿನ ಬಗ್ಗೆ ಇನ್ನೂ ಎಚ್ಚರ. ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇಕಡಾ 20 ಎಥೆನಾಲ್. 2002ರಲ್ಲಿ ಈ ಕಾರು ಮಾಡಿದವರ ಲೆಕ್ಕದಲ್ಲಿ ಅದು ಇರಲೇ ಇಲ್ಲ. ಹಳೇ ರಬ್ಬರು ಮೆತ್ತಗಾಗಿ, ಬಿರುಕು ಬಿಟ್ಟು, ಬಿಸಿ ಇಂಜಿನ್ನಿನ ಮೇಲೆ ತೊಟ್ಟಿಕ್ಕಿದರೆ ಕಾರಿನ ಜೊತೆ ಶೆಡ್ಡೂ ಹೋಗುತ್ತದೆ. ಎಥೆನಾಲ್ ತಡೆಯುವ ಹೋಸೇ ಬೇಕು ಅಂತ ಕೇಳಿ ತಾ. ಎಥೆನಾಲ್ ನೀರನ್ನೂ ಎಳೆದುಕೊಳ್ಳುತ್ತದೆ, ಆದ್ದರಿಂದ ನಮ್ಮ ಕಡೆಯ ಮಳೆಗಾಲ ಪೂರ್ತಿ ಒಂದೇ ಪೆಟ್ರೋಲನ್ನು ಟ್ಯಾಂಕಿನಲ್ಲಿ ಕೂಡಿಡಬೇಡ.

ಮನೆಯಲ್ಲಿ ಮಾಡಲಾಗದ ಕೆಲಸಕ್ಕೆ ನಾಚಿಕೆ ಪಟ್ಟುಕೊಳ್ಳಬೇಡ. ಟೈಮಿಂಗ್ ಬೆಲ್ಟ್ ಎಷ್ಟು ಕಿಲೋಮೀಟರ್ ಓಡಿದೆ ಅಂತ ಮಾರಿದವನು ಹೇಳಿದ್ದನ್ನು ನಂಬದೆ, ಟೆನ್ಷನರ್ ಸಮೇತ ಮೊದಲೇ ಬದಲಾಯಿಸು. ಅದು ಓಡುವಾಗ ಹರಿದರೆ ವಾಲ್ವುಗಳು ಪಿಸ್ಟನ್ನಿಗೆ ಬಡಿದು ಬಗ್ಗುತ್ತವೆ, ಇಂಜಿನ್ ಬಿಚ್ಚಲೇಬೇಕಾಗುತ್ತದೆ. ಆದರೆ ಅದನ್ನು ಕ್ಯಾಮ್ ಲಾಕ್ ಮಾಡುವ ಟೂಲ್ ಇರುವ, ಫಿಯೆಟ್ ಕೈಯಾಡಿಸಿದ ಹಳೇ ಮೆಕ್ಯಾನಿಕ್ ಹತ್ತಿರ ಮಾಡಿಸು. ಪೇಂಟಿನ ಗುರುತು ಹಾಕಿಕೊಂಡು ಅಂದಾಜಿನಲ್ಲಿ ಕೂರಿಸುವವನ ಹತ್ತಿರ ಬೇಡ. ಸಸ್ಪೆನ್ಷನ್ ಸ್ಪ್ರಿಂಗ್ ಒತ್ತಿ ತೆಗೆಯುವುದು, ಎಸಿ ಗ್ಯಾಸು, ಪೇಂಟು ಇವೂ ಹೊರಗಡೆಯೇ. ಶೆಡ್ಡಿನ ನೆಲ ಮಣ್ಣಿನದು. ಜ್ಯಾಕಿನ ಕೆಳಗೆ ದಪ್ಪ ಹಲಗೆ ಇಡು, ಎತ್ತಿದ ಮೇಲೆ ಸ್ಟ್ಯಾಂಡ್ ಕೊಡು. ಬರೀ ಜ್ಯಾಕಿನ ಮೇಲೆ ನಿಂತ ಕಾರಿನ ಅಡಿಗೆ ತಲೆ ಹಾಕಿದೆ ಅಂತ ಗೊತ್ತಾದರೆ ನಿನ್ನಮ್ಮನ ಪಕ್ಷ ಸೇರಿ ನಾನೇ ಕಾರನ್ನು ಗುಜರಿಗೆ ಕಳಿಸುತ್ತೇನೆ.

ಕಾರು ಇಷ್ಟು ದಿನ ಮಂಗಳೂರಿನ ಕಡಲ ಗಾಳಿಯಲ್ಲಿತ್ತು ಅಂದಮೇಲೆ ತುಕ್ಕನ್ನು ಹುಡುಕಿ ನೋಡಲೇಬೇಕು. ಫ್ರಿಜ್ಜಿಗೆ ಅಂಟಿಸುವ ಸಣ್ಣ ಅಯಸ್ಕಾಂತವನ್ನು ತೆಳು ಬಟ್ಟೆಯಲ್ಲಿ ಸುತ್ತಿ ಬಾಡಿಯ ಮೇಲೆ ಆಡಿಸು. ಹಿಡಿಯದ ಕಡೆ ಕೆಳಗೆ ಲಪ್ಪ ತುಂಬಿದ್ದಾರೆ ಅಂತ ಅರ್ಥ. ಬ್ಯಾಟರಿ ತಟ್ಟೆ, ಸ್ಟೆಪ್ನಿ ಇಡುವ ಗುಂಡಿ, ಬಾಗಿಲುಗಳ ತಳ ಇವುಗಳನ್ನು ಬೆರಳು ಹಾಕಿ ನೋಡು. ಬಾಗಿಲ ತಳದಲ್ಲಿ ನೀರು ಹೋಗಲು ಸಣ್ಣ ತೂತುಗಳಿರುತ್ತವೆ, ಅಂಡರ್‌ಕೋಟಿಂಗ್ ಬಳಿಯುವವರು ಅವನ್ನೂ ಮುಚ್ಚಿಬಿಟ್ಟಿರುತ್ತಾರೆ. ಕಡ್ಡಿಯಿಂದ ಬಿಡಿಸು. ಟಿಂಕರಿಂಗು, ಪೇಂಟು ಎರಡನ್ನೂ ದೀಪಾವಳಿ ಕಳೆದ ಮೇಲೆ ಇಟ್ಟುಕೊ. ಹಸಿ ಗಾಳಿಯಲ್ಲಿ ಹೊಡೆದ ಪೇಂಟು ಮುಂದಿನ ವರ್ಷ ಗುಳ್ಳೆ ಏಳುತ್ತದೆ. ಎಲ್ಲ ಕಡೆ ಹೊಡೆಸುವ ಅಗತ್ಯವೂ ಇಲ್ಲ. ಚಾವಣಿ, ಡಿಕ್ಕಿಯ ಬಾಗಿಲಿನ ಕಾರ್ಖಾನೆ ಪೇಂಟು ಚೆನ್ನಾಗಿದ್ದರೆ ಪಾಲಿಶ್ ಹಾಕಿ ಬಿಡು. ಹೊಸ ಪೇಂಟು ಹೊಡೆಯಲು ಯಾವತ್ತಾದರೂ ಸಾಧ್ಯ, ಹೋದ ಪೇಂಟು ಬರುವುದಿಲ್ಲ.

ದುಡ್ಡಿನ ಲೆಕ್ಕದಲ್ಲಿ ಕಾಗದದ ಖರ್ಚು ಮರೆಯಬೇಡ. 2002ರ ನೋಂದಣಿ 15 ವರ್ಷಕ್ಕೆ ಮುಗಿದು ಆಮೇಲೆ ಐದೈದು ವರ್ಷಕ್ಕೆ ನವೀಕರಣವಾಗುತ್ತ ಬಂದಿರಬೇಕು. 20 ವರ್ಷ ದಾಟಿದ ಕಾರಿನ ನವೀಕರಣ ಶುಲ್ಕ 2025ರಲ್ಲಿ 5,000ದಿಂದ 10,000 ರೂಪಾಯಿಗೆ ಏರಿದೆ, ಹಸಿರು ತೆರಿಗೆ ಬೇರೆ. ವಿಂಟೇಜ್ ಅನ್ನಿಸಿಕೊಳ್ಳಲು 50 ವರ್ಷ ಆಗಬೇಕು, ಅದು ನಿನ್ನ ಮಗನ ಕಾಲಕ್ಕೆ. ಹಾಕಿದ ದುಡ್ಡು ಮಾರಿದರೆ ವಾಪಸು ಬರುವ ಕಾರಲ್ಲ ಇದು. ಹಾಗೆ ಬರುತ್ತದೆ ಅಂತ ಮನೆಯಲ್ಲಿ ಯಾರಿಗೂ ಸುಳ್ಳು ಹೇಳಬೇಡ.

ಮೊದಲ ವಾರ ಬರೀ ಫೋಟೊ ತೆಗೆ. ಬಾನೆಟ್ ಒಳಗೆ, ಡ್ಯಾಶ್‌ಬೋರ್ಡ್ ಕೆಳಗೆ, ಡಿಕ್ಕಿಯ ಮ್ಯಾಟ್ ಎತ್ತಿ. ನನಗೂ ಕಳಿಸು, ಯಾವುದು ಕಂಪನಿಯದು, ಯಾವುದು ಬೇರೆಯವರ ಕೈವಾಡ ಅಂತ ಕೂತು ನೋಡೋಣ. ನನ್ನ ಟಾರ್ಕ್ ರೆಂಚನ್ನು ಶುಕ್ರವಾರದ ರಾತ್ರಿ ಬಸ್ಸಿಗೆ ಹಾಕುತ್ತೇನೆ, ಬೆಳಿಗ್ಗೆ ಸ್ಟ್ಯಾಂಡಿಗೆ ಹೋಗಿ ಇಳಿಸಿಕೊ. ಅದರಲ್ಲಿ ಬೋಲ್ಟ್ ಬಿಚ್ಚಬೇಡ, ಬಿಗಿ ಮಾಡಲು ಮಾತ್ರ. ಕೆಲಸ ಮುಗಿದ ಮೇಲೆ ಹಿಡಿ ತಿರುಗಿಸಿ ಕೊನೆಯ ಕೆಳ ಅಂಕಿಗೆ ತಂದು ಡಬ್ಬಿಯಲ್ಲಿಡು, ಪಕ್ಕದ ಮನೆಯವರು ಟ್ರ್ಯಾಕ್ಟರಿಗೆ ಬೇಕು ಅಂತ ಕೇಳಿದರೆ ಮಾವ ಬೈಯುತ್ತಾನೆ ಅನ್ನು.