ಇಲ್ಲದ ಬಿಡಿಭಾಗಕ್ಕೆ ಎಷ್ಟು ಬೆಲೆ?

ಹಳೆ ಕಾರು ಕೊಳ್ಳಲು ಹೊರಟವರು ಮೊದಲು ಬಾನೆಟ್ ಎತ್ತುತ್ತಾರೆ. ನಾನು ಕಾಲಬಳಿಯ ಮ್ಯಾಟ್ ಎತ್ತುತ್ತೇನೆ. ಫಿಯೆಟ್ 1100ರಂಥ ಕಾರಿನಲ್ಲಿ ಎಂಜಿನ್ ಕೆಟ್ಟಿದ್ದರೆ ಅದು ಲೆಕ್ಕಕ್ಕೆ ಸಿಗುವ ಖರ್ಚು. 1089 ಸಿಸಿಯ ಆ ಎಂಜಿನ್ ಬಿಚ್ಚಿ ಕಟ್ಟಬಲ್ಲ ಹಳೇ ಕೈಗಳು ನಮ್ಮಲ್ಲಿ ಇನ್ನೂ ಇವೆ. ಬೋರ್ ಮಾಡಿಸಲು ಎಷ್ಟು, ಪಿಸ್ಟನ್ ಸೆಟ್ಟಿಗೆ ಎಷ್ಟು ಎಂದು ಫೋನಿನಲ್ಲೇ ಹೇಳಿಬಿಡುತ್ತಾರೆ. ಲೆಕ್ಕಕ್ಕೆ ಸಿಗದೆ ಜೇಬು ಖಾಲಿ ಮಾಡುವವು ಎರಡು: ಗಾಜಿನ ಸುತ್ತ ಸತ್ತುಹೋದ ರಬ್ಬರು, ಮತ್ತು ಕಾರಿನಲ್ಲಿ ಇರಬೇಕಾಗಿದ್ದು ಇಲ್ಲದ ಚಿಲ್ಲರೆ ಸಾಮಾನು.

ನನ್ನದು 1969ರ ಫಿಯೆಟ್ 1100 ಡಿಲೈಟ್. ತಿಪಟೂರಿನ ಕಡೆ ಒಂದು ಕೊಬ್ಬರಿ ಗೋದಾಮಿನ ಮೂಲೆಯಲ್ಲಿ ವರ್ಷಗಟ್ಟಲೆ ನಿಂತಿತ್ತು. ಮಾಲೀಕರು ನಿವೃತ್ತ ಮೇಷ್ಟ್ರು, ಒಂದೂವರೆ ಲಕ್ಷ ಹೇಳಿದರು. ನಾನು ಕಾರಿನ ಸುತ್ತ ಸುತ್ತಿ, ಇಲ್ಲದ್ದನ್ನೆಲ್ಲ ಒಂದು ಹಾಳೆಯಲ್ಲಿ ಬರೆದುಕೊಂಡೆ. ಎಡಬಾಗಿಲಿನ ಗ್ಲಾಸು ಏರಿಸುವ ಹ್ಯಾಂಡಲ್ ಇಲ್ಲ. ವೀಲ್ ಕಪ್ ಎರಡೇ ಇವೆ. ಒಂದು ಹೆಡ್‌ಲೈಟಿಗೆ ರಿಂಗ್ ಇಲ್ಲ, ಬಲಗಡೆ ಟೇಲ್ ಲ್ಯಾಂಪಿಗೆ ಕೆಂಪು ಗ್ಲಾಸಿಲ್ಲ. ಹಾಳೆ ನೋಡಿದ ಮೇಷ್ಟ್ರು ನಕ್ಕರು.

"ಇಷ್ಟು ಸಣ್ಣ ಸಾಮಾನಿಗೆಲ್ಲ ದುಡ್ಡು ಇಳಿಸ್ತಾರೇನ್ರೀ?"

"ಅಂಗಡೀಲಿ ಸಿಗೋ ಹಾಗಿದ್ರೆ ಸಣ್ಣದೇ ಸಾರ್."

ಒಂದು ಲಕ್ಷ ಹತ್ತು ಸಾವಿರಕ್ಕೆ ಮಾತು ಮುಗಿಯಿತು. ಆ ಹಾಳೆ ನನಗೆ ನಲವತ್ತು ಸಾವಿರ ಉಳಿಸಿತು. ಸಾಮಾನು ಹುಡುಕಲು ಆ ನಲವತ್ತರಲ್ಲಿ ಬಹುಪಾಲು ಕರಗಿದ್ದೂ ನಿಜ, ಆದರೆ ಕರಗಿದ್ದು ನನ್ನ ಉಳಿತಾಯವಲ್ಲ, ಅವರು ಬಿಟ್ಟುಕೊಟ್ಟ ದುಡ್ಡು.

ಈ ಸಾಮಾನು ಏಕೆ ದುಬಾರಿಯಾಯಿತು ಎಂಬುದಕ್ಕೆ ಕಾರಣ ಮುಂಬೈಯಲ್ಲಿದೆ. ಕುರ್ಲಾದ ಪ್ರೀಮಿಯರ್ ಆಟೊಮೊಬೈಲ್ಸ್ ಕಾರ್ಖಾನೆಯಿಂದ 1964ರಲ್ಲಿ ಬಂದ ಈ ಡಿಲೈಟೇ ಎಪ್ಪತ್ತರ ದಶಕದಲ್ಲಿ ಪ್ರೀಮಿಯರ್ ಪದ್ಮಿನಿ ಆಯಿತು. ಕಪ್ಪು ಹಳದಿ ಬಣ್ಣ ಬಳಿದುಕೊಂಡು ಮುಂಬೈಯ ಟ್ಯಾಕ್ಸಿಯೂ ಆಯಿತು. ಟ್ಯಾಕ್ಸಿ ಓಡುವ ತನಕ ಬಿಡಿಭಾಗಕ್ಕೆ ನಿತ್ಯದ ಗಿರಾಕಿ ಇದ್ದರು, ಹಾಗಾಗಿ ತಯಾರಿಸುವವರೂ ಇದ್ದರು. ಆ ಊರಿನ ಕೊನೆಯ ಪದ್ಮಿನಿ ಟ್ಯಾಕ್ಸಿಯ ಇಪ್ಪತ್ತು ವರ್ಷದ ಅವಧಿ 2023ರ ಅಕ್ಟೋಬರ್‌ನಲ್ಲಿ ಮುಗಿಯಿತು. ಈಗ ಕೇಳುವವರು ನನ್ನಂಥ ಹುಚ್ಚರು ಮಾತ್ರ. ಹುಚ್ಚರ ಮುಂದೆ ಅಂಗಡಿಯವನು ಚೌಕಾಸಿ ಮಾಡುವುದಿಲ್ಲ.

ರಬ್ಬರಿನ ವಿಷಯಕ್ಕೆ ಬರೋಣ, ದೊಡ್ಡ ದುಡ್ಡು ಇರುವುದು ಅಲ್ಲಿ. ಬಿಸಿಲಿಗೆ ಮತ್ತು ಗಾಳಿಯ ಓಝೋನಿಗೆ ನೈಸರ್ಗಿಕ ರಬ್ಬರು ಗಟ್ಟಿಯಾಗಿ ಬಿರುಕು ಬಿಡುತ್ತದೆ. ಮುಂದಿನ ಗ್ಲಾಸಿನ ಕೆಳಮೂಲೆಯಲ್ಲಿ ಕೂದಲೆಳೆಯಷ್ಟು ಸಂದಿ ಬಿದ್ದರೂ ಸಾಕು, ಮಳೆನೀರು ಡ್ಯಾಶ್‌ಬೋರ್ಡಿನ ಹಿಂದೆ ಇಳಿದು ಮ್ಯಾಟಿನ ಕೆಳಗೆ ನಿಲ್ಲುತ್ತದೆ. ಬಾಗಿಲಿನ ಗ್ಲಾಸಿನ ಪಕ್ಕದಿಂದ ಇಳಿದ ನೀರು ಹೊರಗೆ ಹೋಗಲೆಂದು ಬಾಗಿಲಿನ ತಳದಲ್ಲಿ ತೂತುಗಳಿರುತ್ತವೆ. ಮಣ್ಣು ಕಟ್ಟಿದರೆ ಬಾಗಿಲು ಒಳಗಿಂದ ಕೊಳೆಯುತ್ತದೆ. ಫಿಯೆಟ್ 1100ಕ್ಕೆ ಜೀಪಿಗಿರುವಂತೆ ಬೇರೆ ಚಾಸಿ ಇಲ್ಲ, ಇಡೀ ಮೈಯೇ ಭಾರ ಹೊರುತ್ತದೆ. ಆದ್ದರಿಂದ ತಳದ ತಗಡು ತುಕ್ಕು ಹಿಡಿದರೆ ಅದು ಅಂದದ ಪ್ರಶ್ನೆಯಲ್ಲ, ಕಾರಿನ ಬೆನ್ನುಮೂಳೆಯ ಪ್ರಶ್ನೆ. ನನ್ನ ಕಾರಿನ ಎಲ್ಲ ರಬ್ಬರು ಸೇರಿ ಹದಿನಾಲ್ಕು ಸಾವಿರದ ಆಸುಪಾಸು ಆಯಿತು. ಆ ರಬ್ಬರು ಕಾಲಕಾಲಕ್ಕೆ ಬದಲಾಗದ ಕಾರಣಕ್ಕೆ ತಳಕ್ಕೆ ಹೊಸ ತಗಡು ಕತ್ತರಿಸಿ ವೆಲ್ಡಿಂಗ್ ಮಾಡಿಸಿದ್ದು ಅದರ ನಾಲ್ಕು ಪಟ್ಟು.

ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಬೀಡಿಂಗ್ ಮೀಟರ್ ಲೆಕ್ಕದಲ್ಲಿ ಸಿಗುತ್ತದೆ, ಅಗ್ಗ. ಬಾಗಿಲಿಗೆ ಅದನ್ನು ಹಾಕಬಹುದು, ಆದರೆ ದಪ್ಪ ಹೆಚ್ಚಾದರೆ ಬಾಗಿಲು ಕೂರುವುದಿಲ್ಲ. ಧಡ್ಡನೆ ಬಡಿದು ಮುಚ್ಚುತ್ತೀರಿ, ಲಾಕು, ಹಿಂಜು ಹಾಳಾಗುತ್ತವೆ. ಮುಂದಿನ, ಹಿಂದಿನ ಗ್ಲಾಸಿಗೆ ಮಾತ್ರ ಆ ಕಾರಿನ ಅಳತೆಗೇ ಅಚ್ಚು ಹಾಕಿದ ರಬ್ಬರು ಬೇಕು. ಇಪಿಡಿಎಂ ಎಂಬ ಕೃತಕ ರಬ್ಬರಿನದಾದರೆ ಒಳ್ಳೆಯದು, ಬಿಸಿಲು ತಡೆಯುತ್ತದೆ. "ಕಂಪನಿ ಒರಿಜಿನಲ್, ಹಳೇ ಸ್ಟಾಕ್" ಎಂದು ಪ್ಯಾಕೆಟ್ ತೋರಿಸಿ ದುಪ್ಪಟ್ಟು ಕೇಳುವವರಿದ್ದಾರೆ. ಲೋಹದ ಸಾಮಾನು, ಗ್ಲಾಸು, ಮೀಟರು ಹಳೇ ಸ್ಟಾಕಿನಲ್ಲಿ ಸಿಕ್ಕರೆ ಕೊಡಿ. ರಬ್ಬರಿಗೆ ಕೊಡಬೇಡಿ, ಮೂವತ್ತು ವರ್ಷ ಕಪಾಟಿನಲ್ಲಿದ್ದ ರಬ್ಬರಿಗೂ ಮೂವತ್ತು ವರ್ಷ ವಯಸ್ಸಾಗಿರುತ್ತದೆ.

ಇನ್ನೊಂದು ವಿಷಯದಲ್ಲಿ ಪೇಂಟರ್ ಜೊತೆ ನಾನು ಜಗಳವನ್ನೇ ಆಡಿದೆ. ಹಳೇ ರಬ್ಬರಿಗೆ ಪೇಪರ್ ಅಂಟಿಸಿ ಬಣ್ಣ ಹೊಡೆಯುತ್ತೇನೆ, ಎರಡು ದಿನದ ಕೂಲಿ ಉಳಿಯುತ್ತೆ ಎಂದ. ಹಾಗೆ ಮಾಡಿದರೆ ರಬ್ಬರಿನ ಕೆಳಗಿನ ಅಂಚು ಬಣ್ಣವಿಲ್ಲದೆ ಉಳಿದು ತುಕ್ಕು ಅಲ್ಲಿಂದಲೇ ಶುರುವಾಗುತ್ತದೆ. ಹೊಸ ರಬ್ಬರನ್ನು ಬಣ್ಣಕ್ಕೆ ಮೊದಲೇ ತಂದು ಕೂರಿಸಿ ನೋಡಬೇಕು, ಬಾಗಿಲಿನ ಸಂದಿ ಸರಿಮಾಡಬೇಕು, ತೆಗೆದಿಟ್ಟು ಬಣ್ಣ ಹೊಡೆಸಬೇಕು, ಆಮೇಲೆ ಹಾಕಬೇಕು.

ಹಾಕುವುದನ್ನು ಒಮ್ಮೆ ನಿಂತು ನೋಡಿ. ರಬ್ಬರನ್ನು ಸ್ವಲ್ಪ ಹೊತ್ತು ಬಿಸಿಲಲ್ಲಿ ಮೆತ್ತಗಾಗಿಸಿ ಮೊದಲು ಗ್ಲಾಸಿಗೆ ಸುತ್ತುತ್ತಾರೆ. ರಬ್ಬರಿನ ಹೊರಗಿನ ಸೀಳಿನಲ್ಲಿ ನೈಲಾನ್ ದಾರ ಕೂರಿಸಿ ಎರಡು ತುದಿಯನ್ನೂ ಕೆಳಗೆ ನಡುವಿನಲ್ಲಿ ಬಿಡುತ್ತಾರೆ. ಸೋಪಿನ ನೀರು ಸವರಿ ಗ್ಲಾಸನ್ನು ಚೌಕಟ್ಟಿಗೆ ಒತ್ತಿ ಹಿಡಿದಾಗ, ಒಳಗೆ ಕುಳಿತ ಹುಡುಗ ದಾರವನ್ನು ನಿಧಾನ ಎಳೆಯುತ್ತ ಹೋಗುತ್ತಾನೆ. ಹೊರಗೆ ಮೇಸ್ತ್ರಿ ಅಂಗೈಯಿಂದ ತಟ್ಟುತ್ತ ಹಿಂಬಾಲಿಸುತ್ತಾನೆ. ದಾರ ಬಂದಷ್ಟೂ ರಬ್ಬರಿನ ತುಟಿ ತಗಡಿನ ಅಂಚನ್ನು ಹತ್ತಿ ಕೂರುತ್ತದೆ. ಸೋಪಿನ ಬದಲು ಎಂಜಿನ್ ಆಯಿಲ್ ಹಚ್ಚುವವನನ್ನು ಕಂಡರೆ ತಡೆಯಿರಿ, ಎಣ್ಣೆಗೆ ರಬ್ಬರು ಉಬ್ಬುತ್ತದೆ. ಬಾಗಿಲಿನ ಪರೀಕ್ಷೆಗೆ ಒಂದು ಹಳೇ ಬಿಲ್ಲು ಸಾಕು: ಸಂದಿಗಿಟ್ಟು ಬಾಗಿಲು ಮುಚ್ಚಿ ಎಳೆಯಿರಿ, ಸಲೀಸಾಗಿ ಬಂದರೆ ನೀರೂ ಅಷ್ಟೇ ಸಲೀಸಾಗಿ ಬರುತ್ತದೆ.

ಇಲ್ಲದ ಸಾಮಾನಿಗೆ ನಾನು ಕಂಡುಕೊಂಡ ದಾರಿ ಎರವಲು. ಹೆಡ್‌ಲೈಟ್ ರಿಂಗನ್ನು ಇನ್ನೊಬ್ಬ ಫಿಯೆಟ್ ಮಾಲೀಕರಿಂದ ಮಾದರಿಗೆ ಪಡೆದು, ಪೀಣ್ಯದ ಒಂದು ಸಣ್ಣ ವರ್ಕ್‌ಶಾಪಿನಲ್ಲಿ ಮಾಡಿಸಿ ಕ್ರೋಮ್ ಹಾಕಿಸಿದೆ. ಒಂದಕ್ಕೆ ಮಾಡಿಸಿದರೆ ದುಬಾರಿ, ನಾಲ್ಕು ಜನ ಸೇರಿದರೆ ಅಚ್ಚಿನ ಖರ್ಚು ಹಂಚಿಹೋಗುತ್ತದೆ. ಭಾಗ ಕಿತ್ತುಕೊಳ್ಳಲೆಂದೇ ಇನ್ನೊಂದು ಗುಜರಿ ಕಾರು ಕೊಳ್ಳುವುದೂ ಲಾಭವೇ, ನಿಲ್ಲಿಸಲು ಜಾಗವಿದ್ದರೆ. ಆದರೆ ಅದರ ಆರ್‌ಸಿ ರದ್ದಾಗುವ ತನಕ ಹೊಣೆ ಯಾರ ಹೆಸರಿನಲ್ಲಿದೆ ಎಂಬುದನ್ನು ಕೊಡುವವರೂ ಕೊಳ್ಳುವವರೂ ನೆನಪಿಡಬೇಕು.

ಬಿಲ್ಲುಗಳನ್ನು ಎಸೆಯಬೇಡಿ. ಐದು ವರ್ಷ ದಾಟಿದ ಗಾಡಿಯ ವಿಮಾ ಮೌಲ್ಯವನ್ನು ಕಂಪನಿಯೂ ಮಾಲೀಕರೂ ಮಾತಾಡಿಕೊಂಡು ನಿಗದಿ ಮಾಡುತ್ತಾರೆ. ಆ ಮಾತಿಗೆ ಆಧಾರ ಬಿಲ್ಲು ಮತ್ತು ಫೋಟೊ. ಮೊದಲ ನೋಂದಣಿಯಾಗಿ 50 ವರ್ಷ ದಾಟಿ, ಮೂಲರೂಪ ಉಳಿಸಿಕೊಂಡ ಕಾರನ್ನು 2021ರ ನಿಯಮದಂತೆ ವಿಂಟೇಜ್ ಎಂದು ನೋಂದಾಯಿಸಬಹುದು. ಶುಲ್ಕ 20,000 ರೂಪಾಯಿ, ಹತ್ತು ವರ್ಷಕ್ಕೆ. ನಂತರದ ನವೀಕರಣಕ್ಕೆ 5,000. ಆದರೆ ಆಮೇಲೆ ಅದು ಪ್ರದರ್ಶನ, ರ್‍ಯಾಲಿ, ರಿಪೇರಿ, ಪೆಟ್ರೋಲಿನಂಥ ಕೆಲಸಕ್ಕಷ್ಟೇ ರಸ್ತೆಗಿಳಿಯಬೇಕು; ದಿನವೂ ಆಫೀಸಿಗೆ ಒಯ್ಯುವಂತಿಲ್ಲ. ನಾನು ಭಾನುವಾರ ಬೆಳಗ್ಗೆ ತರಕಾರಿಗೆ ಇದೇ ಕಾರಿನಲ್ಲಿ ಹೋಗುವವನು, ಹಾಗಾಗಿ ಅರ್ಜಿ ಹಾಕಿಲ್ಲ.

ಇದನ್ನು ಹೂಡಿಕೆ ಎಂದು ಮನೆಯವರಿಗೆ ಹೇಳಿ ಒಪ್ಪಿಸುವವರಿಗೆ ಒಂದು ಮಾತು. ಸ್ವಂತ ಬಳಕೆಯ ಕಾರನ್ನು ಆದಾಯ ತೆರಿಗೆ ಕಾನೂನು ಬಂಡವಾಳ ಆಸ್ತಿ ಎಂದು ಎಣಿಸುವುದಿಲ್ಲ. ಲಾಭಕ್ಕೆ ಮಾರಿದರೆ ಬಂಡವಾಳ ಲಾಭದ ತೆರಿಗೆಯಿಲ್ಲ, ನಷ್ಟವಾದರೆ ಬೇರೆ ಲಾಭದೊಂದಿಗೆ ಹೊಂದಿಸಿಕೊಳ್ಳುವ ಅವಕಾಶವೂ ಇಲ್ಲ. ಹೆಚ್ಚಿನವರ ಕಥೆ ಎರಡನೆಯದೇ.

ಇಷ್ಟಾದರೂ ಕೊಳ್ಳುವ ಮನಸ್ಸಿದ್ದರೆ, ಓಡದಿದ್ದರೂ ಎಲ್ಲ ಸಾಮಾನು ಇರುವ ಕಾರನ್ನೇ ಆರಿಸಿ. ಫಳಫಳ ಹೊಳೆಯುತ್ತ ಅರ್ಧ ಸಾಮಾನು ಕಳೆದುಕೊಂಡದ್ದು ಬೇಡ. ನೋಡಲು ಹೋಗುವಾಗ ಒಂದು ಟಾರ್ಚ್, ಒಂದು ಹಾಳೆ ಒಯ್ಯಿರಿ. ಮ್ಯಾಟ್ ಎತ್ತಲು ಮಾಲೀಕ ಬಿಡದಿದ್ದರೆ ಟೀ ಕುಡಿದು ಎದ್ದು ಬನ್ನಿ.